ಒಂದೇ ಸ್ಟ್ರಿಂಗ್, ಹತ್ತು ಪಾಯಿಂಟರ್: ಫ್ರೀ ಮಾಡುವವರು ಯಾರು?

ಪ್ರಶ್ನೆ: ಸಿ ಭಾಷೆಯಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ ಸರ್. 10 ಲಕ್ಷ ಸಾಲಿನ ಫೈಲ್, ಪ್ರತಿ ಸಾಲಿನಲ್ಲೂ ಕರ್ನಾಟಕದ ಒಂದು ಜಿಲ್ಲೆಯ ಹೆಸರು. ಪ್ರತಿ ಸಲ ಸ್ಟ್ರ್‌ಡಪ್ ಮಾಡಿ ಹೊಸ ನಕಲು ತೆಗೆಯುವುದರಿಂದ ಮೆಮೊರಿ ಸಿಕ್ಕಾಪಟ್ಟೆ ಹೋಗುತ್ತಿದೆ. ‘ರೆಫರೆನ್ಸ್ ಕೌಂಟಿಂಗ್ ಹಾಕು, ಸರಿಹೋಗುತ್ತೆ’ ಅಂತಾನೆ ಸ್ನೇಹಿತ. ಹೌದಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಅದೊಂದರಿಂದಲೇ ಸರಿಹೋಗುವುದಿಲ್ಲ. ರೆಫರೆನ್ಸ್ ಕೌಂಟಿಂಗ್ ಅಂದರೆ ಒಂದು ಸ್ಟ್ರಿಂಗನ್ನು ತೋರಿಸುವ ಪಾಯಿಂಟರ್ ಎಷ್ಟಿವೆ ಅಂತ ಎಣಿಸಿ, ಎಣಿಕೆ ಸೊನ್ನೆಯಾದಾಗ ಅದನ್ನು ಫ್ರೀ ಮಾಡುವುದು, ಅಂದರೆ ಅದರ ಮೆಮೊರಿ ವಾಪಸ್ ಕೊಡುವುದು. ಒಂದು ಸ್ಟ್ರಿಂಗನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆ ಅನ್ನುವುದಷ್ಟೇ ಕೌಂಟ್‌ಗೆ ಗೊತ್ತು. ‘ದಾವಣಗೆರೆ’ ಎರಡನೇ ಸಲ ಬಂದಾಗ, ಇದು ಆಗಲೇ ನಮ್ಮ ಹತ್ತಿರ ಇದೆ ಅಂತ ಹೇಳಲು ಒಂದು ಹ್ಯಾಷ್ ಟೇಬಲ್ (ಬೇಗ ಹುಡುಕಬಹುದಾದ ಪಟ್ಟಿ) ಬೇಕು. ಓದಿದ ಹೆಸರನ್ನು ಮೊದಲು ಅಲ್ಲಿ ಹುಡುಕಿ, ಸಿಕ್ಕರೆ ಅದೇ ಪಾಯಿಂಟರ್ ಬಳಸಿ, ಸಿಗದಿದ್ದರೆ ಮಾತ್ರ ಹೊಸದು ಮಾಡಿ. ಇದನ್ನು ಇಂಟರ್ನಿಂಗ್ ಅನ್ನುತ್ತಾರೆ.

ಲೆಕ್ಕ ನೋಡಿ. ಯುಟಿಎಫ್-8ರಲ್ಲಿ ಕನ್ನಡದ ಅಕ್ಷರಕ್ಕೂ ಸ್ವರಚಿಹ್ನೆಗೂ ತಲಾ 3 ಬೈಟ್. ಹಾಗಾಗಿ ‘ದಾವಣಗೆರೆ’ 24 ಬೈಟ್, ಕೊನೆಯ ಸೊನ್ನೆ ಸೇರಿ 25. 64-ಬಿಟ್ ಲಿನಕ್ಸ್‌ನ ಗ್ಲಿಬ್‌ಸಿಯಲ್ಲಿ ಮೆಮೊರಿ ಕೊಡುವ ಫಂಕ್ಷನ್ ಮ್ಯಾಲಾಕ್ ತುಸು ಹೆಚ್ಚೇ ಸೇರಿಸಿ ಇದಕ್ಕೆ 48 ಬೈಟ್ ಎತ್ತಿಡುತ್ತದೆ. 10 ಲಕ್ಷ ಸಾಲಲ್ಲೂ ಇಷ್ಟೇ ಉದ್ದದ ಹೆಸರಿದ್ದರೆ 4.8 ಕೋಟಿ ಬೈಟ್! ಹಂಚಿಕೊಂಡರೆ ಹೆಸರಿಗೆ ಒಂದೇ ಸಲ 48.

ಆದರೆ ರಾಜ್ಯದಲ್ಲಿ ಇರುವುದೇ 31 ಜಿಲ್ಲೆ. ಅಷ್ಟಕ್ಕೆ ಕೌಂಟ್ ಯಾಕೆ? ಟೇಬಲ್‌ನಲ್ಲೇ ಇರಲಿ, ಪ್ರೋಗ್ರಾಂ ಮುಗಿಯುವಾಗ ಒಟ್ಟಿಗೆ ಫ್ರೀ ಮಾಡಿ.

ಪ್ರಶ್ನೆ: ನಮ್ಮದು ದಿನಗಟ್ಟಲೆ ಓಡುವ ಸರ್ವರ್. ಸ್ಟ್ರಿಂಗ್‌ಗಳು ಬರುತ್ತವೆ, ಹೋಗುತ್ತವೆ. ಕೌಂಟ್ ಹಾಕಿದ್ದೇವೆ. ಆದರೂ ಒಮ್ಮೆ ಲೀಕ್ (ಫ್ರೀ ಆಗದೆ ಉಳಿಯುತ್ತದೆ), ಒಮ್ಮೆ ಡಬಲ್ ಫ್ರೀ (ಒಂದನ್ನೇ ಎರಡು ಸಲ ಫ್ರೀ). ತಪ್ಪು ಎಲ್ಲಿ?
– ಓದುಗರು, ಬೆಂಗಳೂರು

ಉತ್ತರ: ನಿಮಗೆ ಕೌಂಟ್ ನಿಜವಾಗಿಯೂ ಬೇಕು. ಎಣಿಸುವುದು ಸುಲಭ, ಯಾವ ಫಂಕ್ಷನ್ ಎಣಿಸಬೇಕು ಅನ್ನುವ ಒಪ್ಪಂದ ತಂಡದಲ್ಲಿ ಇಲ್ಲದಿದ್ದಾಗಲೇ ಹೀಗಾಗುವುದು. ಸುಮ್ನೆ ಓದಿ ಬಿಡುವ ಫಂಕ್ಷನ್ ಕೌಂಟ್ ಮುಟ್ಟಬಾರದು, ಕರೆದವರ ಹತ್ತಿರ ಹೇಗೂ ಹಿಡಿತ ಇದೆಯಲ್ಲ. ತನ್ನ ಸ್ಟ್ರಕ್ಟ್‌ನಲ್ಲಿ (ಹಲವು ಮಾಹಿತಿ ಒಟ್ಟಿಗಿಡುವ ರಚನೆ) ಇಟ್ಟುಕೊಳ್ಳುವ ಫಂಕ್ಷನ್ ಒಂದು ಹೆಚ್ಚಿಸಬೇಕು, ಬಿಡುವಾಗ ಒಂದು ಇಳಿಸಬೇಕು. ಹೊಸ ಸ್ಟ್ರಿಂಗ್ ಮಾಡಿ ವಾಪಸ್ ಕೊಡುವ ಫಂಕ್ಷನ್ ಕೌಂಟ್ 1 ಇಟ್ಟು ಕೊಡುತ್ತದೆ, ಇಳಿಸುವ ಹೊಣೆ ಪಡೆದವರದ್ದು. ಇದನ್ನು ಪ್ರತಿ ಫಂಕ್ಷನ್ ಮೇಲೆ ಕಾಮೆಂಟ್ ಆಗಿ ಬರೆಯಿರಿ. ಬೇಜಾರಿನ ಕೆಲಸವೇ, ಆದರೆ ಬೇರೆ ದಾರಿ ಇಲ್ಲ.

ಜಾಸ್ತಿ ಜನ ಎಡವುವ ಇನ್ನೊಂದು ಜಾಗ ಇದೆ. ಸ್ಟ್ರಕ್ಟ್‌ನ ಹಳೆಯ ಹೆಸರು ತೆಗೆದು ಹೊಸದು ಹಾಕುವಾಗ, ಹಳೆಯದನ್ನು ಮೊದಲು ಬಿಟ್ಟು ಆಮೇಲೆ ಹೊಸದನ್ನು ಹಿಡಿಯುತ್ತಾರೆ. ಎರಡೂ ಒಂದೇ ಸ್ಟ್ರಿಂಗ್ ಆಗಿದ್ದು ಅದರ ಕೌಂಟ್ 1 ಇದ್ದರೆ? ಬಿಟ್ಟ ಕೂಡಲೇ ಸೊನ್ನೆ, ಫ್ರೀ ಆಯಿತು, ನೀವು ಹಿಡಿಯುವುದು ಸತ್ತ ಮೆಮೊರಿಯನ್ನು. ಹಂಚಿಕೊಳ್ಳುವ ಕೋಡ್‌ನಲ್ಲಿ ಎರಡೂ ಒಂದೇ ಆಗಿರುವುದು ತೀರಾ ಮಾಮೂಲು. ಹೊಸದನ್ನು ಮೊದಲು ಹಿಡಿಯಿರಿ, ಆಮೇಲೆ ಹಳೆಯದನ್ನು ಬಿಡಿ.

ಮೆಮೊರಿ ಜೋಡಣೆ ಸರಳ: 4 ಬೈಟ್ ಕೌಂಟ್, 4 ಬೈಟ್ ಉದ್ದ, ಅದರ ನಂತರವೇ ಸಿ99ರ ಫ್ಲೆಕ್ಸಿಬಲ್ ಅರೇಯಲ್ಲಿ (ಸ್ಟ್ರಕ್ಟ್‌ನ ಕೊನೆಗೆ ಬೇಕಾದಷ್ಟು ಉದ್ದ ಇಡಬಹುದಾದ ಸಾಲು) ಅಕ್ಷರಗಳು. ಎಲ್ಲಕ್ಕೂ ಒಂದೇ ಮ್ಯಾಲಾಕ್. ಆಗ ‘ದಾವಣಗೆರೆ’ 33 ಬೈಟ್ ಆಗುತ್ತದೆ, ಆದರೆ ಗ್ಲಿಬ್‌ಸಿ ಎತ್ತಿಡುವುದು ಈಗಲೂ 48 ಬೈಟನ್ನೇ! ಎಲ್ಲ ಹೆಸರಿಗೂ ಈ ಅದೃಷ್ಟ ಇಲ್ಲ. ‘ಮೈಸೂರು’ 32ರಿಂದ 48ಕ್ಕೆ ಏರುತ್ತದೆ.

ಕೋಡ್‌ನಲ್ಲೇ ಬರೆದಿಟ್ಟ ಸ್ಥಿರ ಸ್ಟ್ರಿಂಗ್‌ಗಳಿಗೆ ಒಂದು ವಿಶೇಷ ಕೌಂಟ್ ಕೊಟ್ಟು, ಅದು ಕಂಡರೆ ಹೆಚ್ಚಿಸುವುದೂ ಬೇಡ ಇಳಿಸುವುದೂ ಬೇಡ ಅಂತ ಮಾಡಿ. 2023ರಲ್ಲಿ ಬಂದ ಪೈಥಾನ್ 3.12 ತನ್ನ ‘ಇಮ್ಮಾರ್ಟಲ್’ (ಎಂದೂ ಅಳಿಯದ) ಆಬ್ಜೆಕ್ಟ್‌ಗಳಿಗೆ ಮಾಡುವುದೂ ಇಂಥದ್ದನ್ನೇ. ಉಳಿದ ತಪ್ಪು ಹುಡುಕಲು ಅಡ್ರೆಸ್ ಸ್ಯಾನಿಟೈಸರ್ ಎಂಬ ಕಂಪೈಲರ್ ಸೌಲಭ್ಯ ಹಾಕಿ ಓಡಿಸಿ.

ಪ್ರಶ್ನೆ: ಹಲವು ಥ್ರೆಡ್ (ಒಟ್ಟಿಗೆ ಓಡುವ ಕೆಲಸಗಳು) ಇದ್ದರೆ ಕೌಂಟ್ ಹೆಚ್ಚಿಸಲು ಸಾದಾ ಪ್ಲಸ್ ಪ್ಲಸ್ ಸಾಕಾ?
– ಓದುಗರು, ಮಂಗಳೂರು

ಉತ್ತರ: ಸಾಲದು. ಅದು ಓದು, ಕೂಡು, ಬರೆ ಎನ್ನುವ ಮೂರು ಕೆಲಸ. ಎರಡು ಥ್ರೆಡ್ ಒಟ್ಟಿಗೆ ನುಗ್ಗಿದರೆ ಒಂದು ಎಣಿಕೆ ಮಾಯವಾಗಬಹುದು. ಸಿ11ರ ಅಟಾಮಿಕ್ ಬಳಸಿ, ಮೂರೂ ಕೆಲಸ ಒಂದೇ ಏಟಿಗೆ ಆಗುತ್ತವೆ. ಅದಕ್ಕೆ ಮೆಮೊರಿ ಕ್ರಮವನ್ನೂ (ಒಂದು ಥ್ರೆಡ್ ಬರೆದದ್ದು ಇನ್ನೊಂದಕ್ಕೆ ಯಾವ ಕ್ರಮದಲ್ಲಿ ಕಾಣಬೇಕು ಅನ್ನುವುದು) ಹೇಳಬಹುದು: ಹೆಚ್ಚಿಸಲು ರಿಲ್ಯಾಕ್ಸ್ಡ್ ಸಾಕು, ಇಳಿಸಲು ರಿಲೀಸ್, ಫ್ರೀ ಮಾಡುವ ಮುಂಚೆ ಅಕ್ವೈರ್ ಫೆನ್ಸ್. ತಲೆಬಿಸಿ ಅನಿಸಿದರೆ ಡೀಫಾಲ್ಟ್ ಕ್ರಮವನ್ನೇ ಇಟ್ಟುಕೊಳ್ಳಿ, ಸ್ವಲ್ಪ ನಿಧಾನವಾಗಬಹುದು ಅಷ್ಟೇ. ಇಳಿಸಿದ ಮೇಲೆ ಕೌಂಟನ್ನು ಮತ್ತೆ ಓದಿ ನೋಡಬೇಡಿ, ಇಳಿಸಿದ ಫಂಕ್ಷನ್ ಕೊಟ್ಟ ಉತ್ತರವನ್ನೇ ನಂಬಿ. ಇಂಟರ್ನ್ ಟೇಬಲ್ ಕೂಡ ಇದ್ದರೆ ಅಟಾಮಿಕ್ ಒಂದೇ ಸಾಲದು: ಒಂದು ಥ್ರೆಡ್ ಸೊನ್ನೆಗೆ ಇಳಿಸಿದ ಕ್ಷಣದಲ್ಲೇ ಇನ್ನೊಂದು ಟೇಬಲ್‌ನಿಂದ ಅದನ್ನೇ ಎತ್ತಿಕೊಳ್ಳಬಹುದು. ಅಲ್ಲಿ ಲಾಕ್ ಹಾಕಿ.

ಪ್ರಶ್ನೆ: ಸ್ಟ್ರಿಂಗ್ ಬದಲಾಗದಂತೆ ಮಾಡಲು ಕಾನ್ಸ್ಟ್ ಬರೆದರೆ ಸಾಕಲ್ವಾ?
– ಓದುಗರು, ಧಾರವಾಡ

ಉತ್ತರ: ಸಾಲದು. ಕಾಸ್ಟ್ ಮಾಡಿ (ಟೈಪ್ ಬದಲಿಸಿ ಕಾನ್ಸ್ಟ್ ತೆಗೆದು) ಯಾರಾದರೂ ಬರೆದುಬಿಟ್ಟರೆ ಹಂಚಿಕೊಂಡ ಎಲ್ಲರ ಸ್ಟ್ರಿಂಗೂ ಕೆಟ್ಟಿತು. ಅದಕ್ಕೇ ಸ್ಟ್ರಕ್ಟ್ ವಿವರವನ್ನು ಹೆಡರ್‌ನಲ್ಲಿ ಇಡದೆ ಸಿ ಫೈಲ್ ಒಳಗೆ ಮುಚ್ಚಿಡಿ. ನೀವೇ ಬರೆಯಲು ಮನಸ್ಸಿಲ್ಲದಿದ್ದರೆ ಜಿಲಿಬ್ ಲೈಬ್ರರಿಯಲ್ಲಿ 2.58ನೇ ಆವೃತ್ತಿಯಿಂದ ರೆಫ್ ಸ್ಟ್ರಿಂಗ್ ಇದೆ. ಅದು ಕೌಂಟನ್ನು ಅಕ್ಷರಗಳು ಶುರುವಾಗುವ ಮುಂಚಿನ ಜಾಗದಲ್ಲಿ ಅಡಗಿಸಿಟ್ಟು ಸಾದಾ ಕ್ಯಾರ್ ಪಾಯಿಂಟರ್ ಕೊಡುತ್ತದೆ. ಪ್ರಿಂಟ್‌ಎಫ್‌ಗೆ ನೇರ ಕೊಡಬಹುದು. ಅದರ ಮೇಲೆ ಮಾಮೂಲಿ ಫ್ರೀ ಮಾತ್ರ ಕರೆಯಬೇಡಿ, ಆ ಪಾಯಿಂಟರ್ ಮ್ಯಾಲಾಕ್ ಕೊಟ್ಟ ಜಾಗದ ಶುರುವನ್ನು ತೋರಿಸುವುದಿಲ್ಲ.