ಹಿತ್ತಲ ಮನೆಗೂ ಒಂದು ಕಾನೂನು ಬೇಕೆ?

ಮೈಸೂರಿನ ಹಿರಿಯ ಓದುಗರೊಬ್ಬರು ಬರೆಯುತ್ತಾರೆ: "ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ಮಗ ಹಿತ್ತಲಲ್ಲಿ ಪುಟ್ಟ ಮನೆ ಕಟ್ಟಿಸಿ ನಮ್ಮನ್ನು ಕರೆಸಿಕೊಳ್ಳುತ್ತಾನಂತೆ. ಪಕ್ಕದ ಮನೆಯವರಿಗೆ ಅದು ಸುತರಾಂ ಇಷ್ಟವಿಲ್ಲ. 'ರಾಜ್ಯದ ಕಾನೂನಿದೆ, ನಗರಸಭೆಯೂ ತಡೆಯುವಂತಿಲ್ಲ' ಎನ್ನುತ್ತಾನೆ ಮಗ. ನಮ್ಮ ಬೀದಿಯಲ್ಲಿ ಔಟ್‌ಹೌಸ್ ಇಲ್ಲದ ಮನೆಯೇ ಅಪರೂಪ. ಇಷ್ಟಕ್ಕೂ ಒಂದು ಕಾನೂನು ಬೇಕೆ? ನೆರೆಯವರ ಮಾತಿಗೆ ಬೆಲೆಯೇ ಇಲ್ಲವೆ?"

ಮಾನ್ಯರೇ,

ನಮ್ಮಲ್ಲಿ ಔಟ್‌ಹೌಸ್ ಏಳಲು ಜಾಗ, ದುಡ್ಡು ಇದ್ದರಾಯಿತು. ಪರವಾನಗಿಯ ಮಾತು ಆಮೇಲೆ. ಅಮೆರಿಕದಲ್ಲಿ ಒಂದು ನಿವೇಶನಕ್ಕೆ ಒಂದೇ ಕುಟುಂಬದ ಒಂದೇ ಮನೆ ಎಂಬ ವಲಯ ನಿಯಮಕ್ಕೆ ನೂರು ವರ್ಷ ದಾಟಿದೆ. ಬರ್ಕ್ಲಿ ನಗರ 1916ರಲ್ಲೇ ಅಂಥ ವಲಯ ಮಾಡಿತು. 1926ರಲ್ಲಿ ಓಹಾಯೊದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ವಲಯ ನಿಯಮಗಳನ್ನು ಎತ್ತಿಹಿಡಿಯಿತು. ಒಂಟಿ ಮನೆಗಳ ಬಡಾವಣೆಗೆ ನುಗ್ಗುವ ಅಪಾರ್ಟ್‌ಮೆಂಟನ್ನು ಪರೋಪಜೀವಿ ಎಂದಿತು ಆ ತೀರ್ಪು. ನಮ್ಮ ಮಾತಲ್ಲಿ, ಬಂದಳಿಕೆ. ಆ ದೃಷ್ಟಿಗೆ ಅಜ್ಜಿಗೊಂದು ಕೋಣೆ, ಅದಕ್ಕೊಂದು ಅಡಿಗೆಮನೆ ಕೂಡ ಬಂದಳಿಕೆಯ ಮೊಳಕೆಯೇ.

ಕ್ಯಾಲಿಫೋರ್ನಿಯಾ ಈ ಬಿಗಿ ಸಡಿಲಿಸಲು ಹೊರಟದ್ದು 1982ರಲ್ಲೇ. ಅಲ್ಲಿಂದ ಮುಂದಿನ ಕಥೆ ತಮಗೆ ಅಪರಿಚಿತ ಅನ್ನಿಸಲಾರದು. ರಾಜ್ಯ ಒಪ್ಪಿತು, ಅನೇಕ ಊರುಗಳು ಬೇಡ ಎನ್ನಲಿಲ್ಲ, ಷರತ್ತು ಹಾಕಿದವು. ನಿವೇಶನ ಇಷ್ಟು ದೊಡ್ಡದಿರಬೇಕು, ಇನ್ನೊಂದು ಕಾರು ನಿಲ್ಲಿಸಲು ಜಾಗ ತೋರಿಸಬೇಕು, ಮಾಲೀಕ ಅಲ್ಲೇ ವಾಸವಿರಬೇಕು, ಶುಲ್ಕ ಕಟ್ಟಬೇಕು, ಬಹಿರಂಗ ವಿಚಾರಣೆಯಲ್ಲಿ ನೆರೆಯವರ ಆಕ್ಷೇಪ ಕೇಳಬೇಕು. ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂದ ಹಾಗೆ. ಅಧಿಕಾರಿಗಳ ವಿವೇಚನೆಗೆ ಬಿಟ್ಟ ವಿಚಾರಣೆ ಬೇಡ, ನಿಯಮಕ್ಕೆ ಹೊಂದಿದರೆ ಪರವಾನಗಿ ಕೊಡಿ ಎಂಬ ತಿದ್ದುಪಡಿ ಬಂದದ್ದು 2002ರಲ್ಲಿ. ಮಿಕ್ಕ ಷರತ್ತುಗಳು ಅದಕ್ಕೂ ಬಗ್ಗಲಿಲ್ಲ.

ರಾಜ್ಯ ಈ ಪೂಜಾರಿಯ ಕೈ ಕಟ್ಟಿದ್ದು 2016 ಮತ್ತು 2019ರಲ್ಲಿ. ಈಗ ಕನಿಷ್ಠ ನಿವೇಶನದ ಅಳತೆ ಹೇರುವಂತಿಲ್ಲ. ಬಸ್ಸು ರೈಲು ಅರ್ಧ ಮೈಲಿಯೊಳಗೆ ಸಿಗುವುದಾದರೆ ಕಾರಿಗೆ ಹೊಸ ಜಾಗ ಕೇಳುವಂತಿಲ್ಲ. 750 ಚದರಡಿಗಿಂತ ಚಿಕ್ಕದಕ್ಕೆ ಅಭಿವೃದ್ಧಿ ಶುಲ್ಕವಿಲ್ಲ. ಪಕ್ಕ ಮತ್ತು ಹಿಂಬದಿಗೆ ನಾಲ್ಕು ಅಡಿ ಬಿಟ್ಟು, 16 ಅಡಿ ಎತ್ತರದಲ್ಲಿ, 800 ಚದರಡಿ ಕಟ್ಟುವುದನ್ನು ಊರು ತಡೆಯುವಂತಿಲ್ಲ. ಪೂರ್ಣ ಅರ್ಜಿಯ ಮೇಲೆ 60 ದಿನದಲ್ಲಿ ತೀರ್ಮಾನ ಆಗಬೇಕು. ಊರು ಸುಮ್ಮನೆ ಕೂತರೆ ಒಪ್ಪಿಗೆ ಸಿಕ್ಕಂತೆಯೇ ಲೆಕ್ಕ. ನಮ್ಮ ಪಾಲಿಕೆಗಳಿಗೆ ಈ ಕೊನೆಯ ಸಾಲನ್ನು ಕಟ್ಟು ಹಾಕಿಸಿ ಕಳಿಸಬೇಕು ಅನ್ನಿಸುತ್ತದೆ. 2020ಕ್ಕೆ ಮೊದಲೇ ಪರವಾನಗಿ ಇಲ್ಲದೆ ಕಟ್ಟಿದವಕ್ಕೂ ಈಚೆಗೆ ದಾರಿ ಮಾಡಿದ್ದಾರೆ. ಹೌದು, ಅಕ್ರಮ-ಸಕ್ರಮ!

ಬೇರೆ ರಾಜ್ಯಗಳೂ ಇದೇ ಹಾದಿ ಹಿಡಿದಿವೆ. ವಾಷಿಂಗ್ಟನ್ ರಾಜ್ಯ 2023ರಲ್ಲಿ ನಗರ ಪ್ರದೇಶದ ಒಂದು ನಿವೇಶನಕ್ಕೆ ಇಂಥ ಎರಡು ಮನೆಗಳವರೆಗೆ ಬಿಟ್ಟಿತು. ಮ್ಯಾಸಚೂಸೆಟ್ಸ್‌ನಲ್ಲಿ 2025ರ ಫೆಬ್ರವರಿಯಿಂದ 900 ಚದರಡಿವರೆಗೆ ಹಕ್ಕು. ಕನೆಕ್ಟಿಕಟ್ 2021ರಲ್ಲಿ ಕಾನೂನು ಮಾಡಿ, ಬೇಡವಾದ ಊರು ಹೊರಗುಳಿಯಬಹುದು ಎಂದಿತು. ಬಹಳಷ್ಟು ಊರುಗಳು ಹೊರಗೇ ಉಳಿದವು. ಊರಿನ ಇಷ್ಟಕ್ಕೆ ಬಿಟ್ಟರೆ ಹೀಗಾಗುತ್ತದೆ, ಅದಕ್ಕೇ ಕಾನೂನು ಬೇಕು; ತಮ್ಮ ಮೊದಲ ಪ್ರಶ್ನೆಗೆ ಉತ್ತರ ಅದೇ.

ಇನ್ನು ನೆರೆಯವರು. ಅವರ ಮಾತಿಗೆ ಕಾನೂನಿನಲ್ಲಿ ತಡೆಯೊಡ್ಡುವ ಬಲ ಉಳಿದಿಲ್ಲ, ಮಗ ಹೇಳಿದ್ದು ಸರಿ. ಅದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ವಿಚಾರಣೆಗೆ ಬಿಡುವು ಮಾಡಿಕೊಂಡು ಬರುವವರು ಈಗಾಗಲೇ ಅಲ್ಲಿ ಮನೆ ಇರುವವರು; ಮುಂದೆ ಆ ಕೋಣೆಗೆ ಬಾಡಿಗೆಗೆ ಬರುವ ಶಿಕ್ಷಕಿಯನ್ನೋ ನರ್ಸನ್ನೋ ಯಾರೂ ಕರೆಯುವುದಿಲ್ಲ. ಹಾಗೆಂದು ಕಾನೂನು ದುಡ್ಡು ಕೊಡುವುದಿಲ್ಲ. ಆ ಪ್ರದೇಶದಲ್ಲಿ ಕಟ್ಟುವ ಖರ್ಚು ಲಕ್ಷಾಂತರ ಡಾಲರು, ಹಾಗಾಗಿ ಈ ಹಕ್ಕು ಸದ್ಯಕ್ಕೆ ಉಳ್ಳವರ ಹಕ್ಕೇ. ತೆರಿಗೆಯ ಮಟ್ಟಿಗೆ ಒಂದು ನೆಮ್ಮದಿ: ಹೊಸದಾಗಿ ಕಟ್ಟಿದ ಭಾಗಕ್ಕಷ್ಟೇ ಹೊಸ ಮೌಲ್ಯಮಾಪನ, ಹಳೆಯ ಮನೆಯದು ಇದ್ದ ಹಾಗೆಯೇ.

ತಾವು ಸಂದರ್ಶಕ ವೀಸಾದಲ್ಲಿ ಹೋದರೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಬಹುದು. ಮಿಕ್ಕ ತಿಂಗಳು ಬಾಡಿಗೆಗೆ ಕೊಡುವ ಯೋಚನೆ ಮಗನಿಗಿದ್ದರೆ, ದಿನಗಳ ಲೆಕ್ಕದ ಪ್ರವಾಸಿ ಬಾಡಿಗೆಗೆ ನಗರದ ನಿಯಮ ಏನೆಂದು ಮೊದಲು ವಿಚಾರಿಸಲಿ. ನಕ್ಷೆ ಸಲ್ಲಿಸುವ ಮುನ್ನ ಪಕ್ಕದವರಿಗೂ ಒಮ್ಮೆ ತೋರಿಸಲಿ, ಕಾನೂನು ಕೇಳದಿದ್ದರೂ. ಅವರ ತಕರಾರು ಬಹುಶಃ ಮನೆಯದಲ್ಲ, ತಮ್ಮ ಅಂಗಳಕ್ಕೆ ತೆರೆಯುವ ಕಿಟಕಿಯದು. ಅದನ್ನು ಮೇಲಕ್ಕೇರಿಸಿದರೆ ಮುಗಿದೀತು. ಬಚ್ಚಲ ಬಾಗಿಲು ಮಾತ್ರ ಅಗಲವಾಗಿರಲಿ, ಹೊಸ್ತಿಲು ಬೇಡ ಎಂದು ತಾವೇ ಫೋನಿನಲ್ಲಿ ಹೇಳಿಬಿಡಿ. ನಕ್ಷೆ ಬರೆಯುವವರಿಗೆ ಅರವತ್ತು ದಾಟಿದ ಮಂಡಿಯ ಅನುಭವ ಇರುವುದಿಲ್ಲ.

— ಸಂ.