ಟಾಪ್ಸ್ ಹಣ ಪಡೆಯುವವರು ಅಮೆಚೂರೋ, ಪ್ರೊಫೆಷನಲ್ಲೋ?

ಒಲಿಂಪಿಕ್ ಪದಕ ಗೆಲ್ಲಬಲ್ಲ ಆಟಗಾರರಿಗೆ ನೆರವು ನೀಡುವ ಸರ್ಕಾರದ ಟಾಪ್ಸ್ ಯೋಜನೆಯಲ್ಲಿ ತಿಂಗಳಿಗೆ 50,000 ರೂಪಾಯಿ ಪಡೆಯುವವರು ಅಮೆಚೂರ್ (ಹಣಕ್ಕಾಗಿ ಆಡದ ಹವ್ಯಾಸಿ) ಹೇಗಾಗುತ್ತಾರೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅವರು ಪ್ರೊಫೆಷನಲ್ಲೇ. ದಿನವಿಡೀ ಅಭ್ಯಾಸ ಮಾಡುವುದೇ ಅವರ ಕೆಲಸ, ಅಲ್ವಾ?

ಹಿಂದೆ ಒಲಿಂಪಿಕ್ಸ್‌ನಲ್ಲಿ ಆಟಕ್ಕೆ ಹಣ ಪಡೆಯುವುದೇ ದೊಡ್ಡ ಅಪರಾಧವಾಗಿತ್ತು. 1912ರಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಜಿಮ್ ಥೋರ್ಪ್ ಅದಕ್ಕೂ ಮೊದಲು ಬೇಸ್‌ಬಾಲ್ ಆಡಿ ಒಂದಿಷ್ಟು ದುಡ್ಡು ಪಡೆದಿದ್ದರು. ಅಷ್ಟಕ್ಕೇ ಪದಕ ಕಿತ್ತುಕೊಂಡರು! ಮುಂದೆ ಸೋವಿಯತ್ ಆಟಗಾರರು ಸೇನೆಯ ಸಂಬಳದಲ್ಲಿ ವರ್ಷಪೂರ್ತಿ ತರಬೇತಿ ಪಡೆದರೂ ಅಮೆಚೂರ್ ಎನಿಸಿಕೊಂಡರು. ಇದು ನನಗೆ ಇಂದಿಗೂ ಅನ್ಯಾಯ ಅನಿಸುತ್ತದೆ.

1986ರಲ್ಲಿ ಐಒಸಿ (ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ) ಪ್ರೊಫೆಷನಲ್‌ಗಳಿಗೆ ಅವಕಾಶ ಕೊಡಬೇಕೇ ಎಂಬ ತೀರ್ಮಾನವನ್ನು ಆಯಾ ಕ್ರೀಡಾ ಒಕ್ಕೂಟಗಳಿಗೆ ಬಿಟ್ಟಿತು. ಹಾಗಾಗಿ ಟಾಪ್ಸ್ ಹಣದಿಂದ ಈಗ ಅರ್ಹತೆಗೆ ತೊಂದರೆಯಿಲ್ಲ. ಆದರೆ ಅದು ಸಂಬಳವಲ್ಲ, ಕೈಖರ್ಚಿನ ಭತ್ಯೆ. ಪಟ್ಟಿಯಿಂದ ಹೆಸರು ಹೋದರೆ ಹಣವೂ ನಿಲ್ಲುತ್ತದೆ. ಅದಕ್ಕೇ ಅನೇಕರು ರೈಲ್ವೆ, ಸೇನೆಯ ಕೆಲಸವನ್ನೂ ಹಿಡಿದಿರುತ್ತಾರೆ.