ಕ್ಯೂಬಾ ಕ್ರಾಂತಿಯ ನಂತರ ಜನರ ಬದುಕು ನಿಜಕ್ಕೂ ಬದಲಾಯಿತೇ, ಅಥವಾ ಸರ್ಕಾರ ಮಾತ್ರವೇ?

ಬದಲಾಯಿತು, ಅದೂ ಮನೆಯೊಳಗಿನವರೆಗೆ. ಒಳ್ಳೆಯದಾಯಿತಾ ಕೆಟ್ಟದಾಯಿತಾ ಅಂತ ಕೇಳಿದರೆ ಮಾತ್ರ ನಾನು 1961ನೇ ಇಸವಿಯನ್ನು ತೋರಿಸುತ್ತೇನೆ.

ಕ್ರಾಂತಿಗೆ ಮುಂಚಿನ ಸರ್ವಾಧಿಕಾರಿ ಬಟಿಸ್ಟಾ ಓಡಿಹೋಗಿ ಎರಡು ವರ್ಷವಾಗಿತ್ತು. ಆ ವರ್ಷ ಶಾಲೆಗಳನ್ನೇ ಮುಚ್ಚಿ, ಸುಮಾರು 1 ಲಕ್ಷ ಹುಡುಗ ಹುಡುಗಿಯರನ್ನು ಅಕ್ಷರ ಕಲಿಸಲು ಹಳ್ಳಿಗಳಿಗೆ ಕಳಿಸಿದರು. ಕೈಯಲ್ಲೊಂದು ಲಾಟೀನು, ಮಲಗಲು ಕಟ್ಟಿಕೊಳ್ಳುವ ಜೋಲಿ, ಜೊತೆಗೆ ಪಠ್ಯಪುಸ್ತಕ. ಹಗಲು ರೈತರ ಜೊತೆ ಹೊಲದ ಕೆಲಸ, ರಾತ್ರಿ ಪಾಠ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರು. ದೊಡ್ಡವರು ಯಾರಾದರೂ ಜೊತೆಗಿಲ್ಲದೆ ಮಗಳನ್ನು ಸಂಜೆ ಹೊರಗೆ ಬಿಡದ ಮನೆಗಳಿಂದ ಬಂದವರು ಎಷ್ಟೋ ಮಂದಿ. ಯಾರದೋ ಗುಡಿಸಲಲ್ಲಿ ತಿಂಗಳುಗಟ್ಟಲೆ ಇದ್ದು, ಅಪ್ಪನ ವಯಸ್ಸಿನವರ ಕೈ ಹಿಡಿದು ತಿದ್ದಿಸಿ ಬಂದ ಹುಡುಗಿ ಮತ್ತೆ ಮೊದಲಿನಂತೆ ಮನೆಯಲ್ಲಿ ತೆಪ್ಪಗೆ ಕೂರುತ್ತಾಳಾ? ನನ್ನ ಪ್ರಕಾರ ದೊಡ್ಡ ಬದಲಾವಣೆ ಇದೇ.

ಸರ್ಕಾರದ ಲೆಕ್ಕದಂತೆ ವರ್ಷದ ಕೊನೆಗೆ ಸುಮಾರು 7 ಲಕ್ಷ ಜನ ಓದು ಬರಹ ಕಲಿತಿದ್ದರು. ಕಲಿತದ್ದಕ್ಕೆ ಸಾಕ್ಷಿಯಾಗಿ ಕ್ರಾಂತಿಯ ನಾಯಕ ಫಿಡೆಲ್ ಕ್ಯಾಸ್ಟ್ರೋಗೆ ಒಂದು ಪತ್ರ ಬರೆಯಬೇಕಿತ್ತು. ಪುಸ್ತಕದ ಮೊದಲ ಪಾಠ ಯಾವುದು ಗೊತ್ತಾ? 'ಓಇಎ', ಅಂದರೆ ಕ್ಯೂಬಾ ಸರ್ಕಾರ ಆಗ ಬೈಯುತ್ತಿದ್ದ, ಅಮೆರಿಕ ಖಂಡದ ದೇಶಗಳ ಒಕ್ಕೂಟದ ಹೆಸರು. ಅ ಅಂದರೆ ಅರಸ ಅಲ್ಲ, ಸೀದಾ ರಾಜಕೀಯ!

ಅದೇ ವರ್ಷ ಹವಾನಾದ ಶ್ರೀಮಂತರ ಗಾಲ್ಫ್ ಮೈದಾನದಲ್ಲಿ ಇಟ್ಟಿಗೆ ಗುಮ್ಮಟಗಳ ಕಲಾಶಾಲೆಗಳನ್ನು ಕಟ್ಟಲು ಶುರುಮಾಡಿದರು (1965ಕ್ಕೆ ಅರ್ಧಕ್ಕೇ ನಿಂತವು, ಅದು ಬೇರೆ ಕಥೆ).

ಅದೇ ವರ್ಷವೇ 'ಪಿ.ಎಂ.' ಅನ್ನುವ ಪುಟ್ಟ ಸಾಕ್ಷ್ಯಚಿತ್ರವನ್ನು ನಿಷೇಧಿಸಿದರು. ಅದರಲ್ಲಿದ್ದದ್ದು ರಾತ್ರಿ ಹೊತ್ತು ಬಾರುಗಳಲ್ಲಿ ಸುಮ್ನೆ ಕುಡಿದು ಕುಣಿಯುವ ಜನ, ಅಷ್ಟೇ. ಬರಹಗಾರರು ಗಲಾಟೆ ಮಾಡಿದಾಗ ಕ್ಯಾಸ್ಟ್ರೋ ಜೂನ್‌ನಲ್ಲಿ ಅವರನ್ನು ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೂರಿಸಿಕೊಂಡು, ಕ್ರಾಂತಿಯ ಒಳಗಿದ್ದರೆ ಎಲ್ಲದಕ್ಕೂ ಜಾಗವಿದೆ, ಅದಕ್ಕೆ ವಿರುದ್ಧವಾದರೆ ಯಾವುದಕ್ಕೂ ಇಲ್ಲ ಅಂದರು. ಒಳಗೆ ಯಾವುದು, ಹೊರಗೆ ಯಾವುದು ಅಂತ ಗೆರೆ ಎಳೆಯುವವರು ಅವರೇ ಅಲ್ವಾ?

ಗೆರೆ ಬಿಗಿಯಾಗುತ್ತಲೇ ಹೋಯಿತು. 1965ರಿಂದ ಸಲಿಂಗಿಗಳನ್ನೂ ಕೆಲವು ಧರ್ಮನಿಷ್ಠರನ್ನೂ ದುಡಿಮೆಯ ಶಿಬಿರಗಳಿಗೆ ಹಾಕಿದರು. 1971ರಲ್ಲಿ ಕವಿ ಎಬರ್ಟೊ ಪಡಿಲ್ಯಾರನ್ನು ಬಂಧಿಸಿ, ಬಿಟ್ಟ ಮೇಲೆ ಲೇಖಕರ ಸಭೆಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಳ್ಳುವಂತೆ ಮಾಡಿದರು. ಅದುವರೆಗೆ ಕ್ಯೂಬಾ ಪರ ನಿಂತಿದ್ದ ಫ್ರೆಂಚ್ ಚಿಂತಕ ಸಾರ್ತ್ರ್ ಥರದವರೂ ಆಗ ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು.